ಮಂಗನ ಕಾಯಿಲೆ ಮತ್ತು ಒಂದು ಬೇರಿನ ಕಿಣ್ವ

1957ರ ಬೇಸಿಗೆ ಶುರುವಾಗುವ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದ್ದವು. ಸೌದೆ, ಸೊಪ್ಪು ತರಲು ಕಾಡಿಗೆ ಹೋದವರೂ ಜ್ವರ ಬಂದು ಮಲಗಿದರು. ತಲೆ ಸಿಡಿಯುವಂಥ ನೋವು, ಮೈಕೈ ನೋವು, ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿಯವರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ಬಂದಾಗಲೂ ಮಂಗಗಳು ಸಾಯುತ್ತಿದ್ದವು. ಭಾರತಕ್ಕೆ ಆ ಕಾಯಿಲೆ ಕಾಲಿಟ್ಟಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆಗೆ ಇಲ್ಲೇನೂ ಬರವಿರಲಿಲ್ಲ. ಹೆದರಿಕೆಗೆ ಕಾರಣವಿತ್ತು.

ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳ ಬಳಿ ಆಗ ಇದ್ದ ಮುಖ್ಯ ಉಪಕರಣವೆಂದರೆ ಇಲಿಮರಿ. ಸತ್ತ ಮಂಗದ ಅಂಗಾಂಶವನ್ನೋ ರೋಗಿಯ ರಕ್ತವನ್ನೋ ಹಾಲು ಕುಡಿಯುವ ಇಲಿಮರಿಯ ಮಿದುಳಿಗೆ ಚುಚ್ಚಿ, ಅದು ಕಾಯಿಲೆ ಬೀಳುವವರೆಗೆ ಕಾಯಬೇಕು. ಆಮೇಲೆ ಸಿಕ್ಕ ವೈರಸ್ಸನ್ನು ಗೊತ್ತಿರುವ ಬೇರೆ ವೈರಸ್ಸುಗಳ ಪ್ರತಿಕಾಯಗಳೊಂದಿಗೆ ಹೋಲಿಸಿ ನೋಡಬೇಕು. ಹಾಗೆ ನೋಡಿದಾಗ ಹಳದಿ ಜ್ವರವಲ್ಲ ಎಂಬುದು ಖಚಿತವಾಯಿತು. ಈ ವೈರಸ್ಸಿನ ಹತ್ತಿರದ ನೆಂಟರಿದ್ದದ್ದು ರಷ್ಯಾದ ಕಾಡುಗಳಲ್ಲಿ, ಅಲ್ಲಿ ಅವು ಉಣುಗುಗಳಿಂದ ಹರಡುತ್ತಿದ್ದವು. ಎಲ್ಲರ ಕಣ್ಣು ಸೊಳ್ಳೆಯಿಂದ ಉಣುಗಿನ ಕಡೆಗೆ ತಿರುಗಿತು. ಅದೇ ವರ್ಷ ಹೊಸ ಕಾಯಿಲೆಯ ವರದಿ ಪ್ರಕಟವಾಯಿತು. ನಮ್ಮ ಒಂದು ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿದ್ದು ಹೀಗೆ. ಊರಿನವರಿಗೆ ಇದರಿಂದ ಸಂತೋಷವಾಗಿರಲಿಕ್ಕಿಲ್ಲ.

ನಾನಿರುವುದು ಮಂಗಳೂರಿನ ಶಕ್ತಿನಗರದಲ್ಲಿ. ಇಲ್ಲಿ ಮಂಗನ ಕಾಯಿಲೆ ಎಂದರೆ ಘಟ್ಟದ ಮೇಲಿನವರ ಕಷ್ಟ ಎಂಬ ಭಾವನೆಯೇ ಹೆಚ್ಚು. ಆದರೆ ಇಲ್ಲಿಂದ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ ಕಡೆಯ ಕಾಡಂಚಿನಲ್ಲಿ 1982ರ ಕೊನೆಗೆ ಕಾಣಿಸಿಕೊಂಡ ಕಾಯಿಲೆ, ಮರುವರ್ಷದ ಬೇಸಿಗೆಯೊಳಗೆ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಅಲ್ಲಿ ಗೇರು ನೆಡುವುದಕ್ಕೆಂದು ಕಾಡು ಕಡಿಯಲಾಗಿತ್ತು. ಇದನ್ನು ಕುರಿತು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಬರೆದ ಪ್ರಬಂಧದ ತಲೆಬರಹದಲ್ಲೇ ಇದು ‘ಅಭಿವೃದ್ಧಿಯ ಕಾಯಿಲೆ’. ಕಾಡು ಕಡಿದದ್ದಕ್ಕೆ ದೈವಗಳು ಮುನಿದಿವೆ ಎಂಬ ಜನರ ಮಾತನ್ನೂ ಅವರು ದಾಖಲಿಸಿದ್ದಾರೆ. ಆ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾಡು ಕಡಿದಲ್ಲಿ ದನ ಮೇಯುತ್ತವೆ, ದನದ ರಕ್ತ ಕುಡಿದು ಉಣುಗು ಹೆಚ್ಚುತ್ತದೆ, ಅದೇ ಜಾಗಕ್ಕೆ ಕೂಲಿಯವರು ಬರಿಗಾಲಲ್ಲಿ ಹೋಗುತ್ತಾರೆ. ಕಾರಣವನ್ನು ಜನ ಸರಿಯಾಗಿಯೇ ಗುರುತಿಸಿದ್ದರು, ಅದಕ್ಕೆ ಕೊಟ್ಟ ಹೆಸರು ಮಾತ್ರ ಬೇರೆ.

ಇಲಿಮರಿಯನ್ನು ಕಾಯುವ ಪರೀಕ್ಷೆಯ ತೊಂದರೆ ಇಂಥಲ್ಲಿ ಗೊತ್ತಾಗುತ್ತದೆ. ಉತ್ತರ ಬರುವಷ್ಟರಲ್ಲಿ ರೋಗಿ ಒಂದೋ ಎದ್ದು ಓಡಾಡುತ್ತಿರುತ್ತಾನೆ, ಇಲ್ಲವೇ ಸತ್ತಿರುತ್ತಾನೆ. ಜೊತೆಗೆ ಜೀವಂತ ವೈರಸ್ಸನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಬೇಕು. ಪ್ರಯೋಗಾಲಯದವರಿಗೇ ಈ ಕಾಯಿಲೆ ಅಂಟಿದ ಉದಾಹರಣೆಗಳು ಹಲವಿವೆ.

ಇದಕ್ಕೆ ದಾರಿ ಸಿಕ್ಕಿದ್ದು ಕಿಣ್ವಗಳಿಂದ. 1971ರಲ್ಲಿ ಸ್ವೀಡನ್ನಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಪ್ರತಿಕಾಯಕ್ಕೆ ಕಿಣ್ವವೊಂದನ್ನು ಅಂಟಿಸಿ ಪರೀಕ್ಷೆ ಮಾಡುವ ‘ಎಲೈಸಾ’ ವಿಧಾನವನ್ನು ಪ್ರಕಟಿಸಿದರು. ಮಂಗನ ಕಾಯಿಲೆಯ ಎಲೈಸಾ ನಡೆಯುವುದು ಹೀಗೆ. ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಯಲ್ಲಿ, ರೋಗಿಯ ರಕ್ತದಲ್ಲಿ ಹೊಸದಾಗಿ ಹುಟ್ಟಿದ ಪ್ರತಿಕಾಯಗಳನ್ನು ಹಿಡಿದಿಡುತ್ತಾರೆ. ಅವು ಈ ವೈರಸ್ಸಿಗೆಂದೇ ಹುಟ್ಟಿದ್ದಾದರೆ, ಮೇಲೆ ಹಾಕಿದ ನಿಷ್ಕ್ರಿಯ ವೈರಸ್ ಅವಕ್ಕೆ ಅಂಟುತ್ತದೆ. ಅದಕ್ಕೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಅಂಟುತ್ತದೆ. ಕೊನೆಗೆ ಬಣ್ಣವಿಲ್ಲದ ದ್ರಾವಣ ಹಾಕಿದರೆ ಕಿಣ್ವ ಅದನ್ನು ನೀಲಿ ಮಾಡುತ್ತದೆ, ಆಮ್ಲ ಬಿದ್ದೊಡನೆ ನೀಲಿ ಹಳದಿಯಾಗುತ್ತದೆ. ಒಂದೇ ಕಿಣ್ವದ ಅಣು ದಣಿವಿಲ್ಲದೆ ಸಾವಿರಾರು ಅಣುಗಳನ್ನು ಬದಲಿಸಬಲ್ಲದು, ಹಾಗಾಗಿ ಕಣ್ಣಿಗೆ ಕಾಣದಷ್ಟು ಕಡಿಮೆ ಇರುವ ಪ್ರತಿಕಾಯವೂ ಬಣ್ಣವಾಗಿ ಕಾಣುತ್ತದೆ. ಹೆಚ್ಚಾಗಿ ಬಳಸುವ ಪೆರಾಕ್ಸಿಡೇಸ್ ಎಂಬ ಈ ಕಿಣ್ವವನ್ನು ತೆಗೆಯುವುದು ಹಾರ್ಸ್‌ರ‍್ಯಾಡಿಶ್ ಗಿಡದ ಬೇರಿನಿಂದ. ನಮ್ಮ ಮೂಲಂಗಿಯ ದೂರದ ನೆಂಟ ಅದು. ಇಲಿಮರಿಯ ಜಾಗಕ್ಕೆ ಬೇರೊಂದು ಬಂದು ಕೂತಿತು.

ಆದರೆ ಪ್ರತಿಕಾಯ ಹುಟ್ಟಲು ದೇಹಕ್ಕೆ ಕೆಲವು ದಿನ ಬೇಕು. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕಬೇಕು. ಅದನ್ನು ಡಿಎನ್‌ಎ ಆಗಿ ನಕಲು ಮಾಡುವ ಕಿಣ್ವವನ್ನು 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದರು. ಆ ನಕಲನ್ನು ಕೋಟಿಪಟ್ಟು ಹೆಚ್ಚಿಸುವ ಟ್ಯಾಕ್ ಕಿಣ್ವದ ಮೂಲ, ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಎರಡೂ ಸೇರಿ ಆರ್‌ಟಿ-ಪಿಸಿಆರ್. ಕೊರೋನಾ ಕಾಲದಲ್ಲಿ ಈ ಹೆಸರು ಎಲ್ಲರ ಬಾಯಲ್ಲಿತ್ತು. ಮಂಗನ ಕಾಯಿಲೆಗೆ ಪಿಸಿಆರ್ ಮತ್ತು ಎಲೈಸಾ ಎರಡನ್ನೂ ರೂಪಿಸಿದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವರದಿ ಹೊರಬಂದದ್ದು 2012ರಲ್ಲಿ, ಕ್ಯಾಸನೂರಿನಿಂದ 55 ವರ್ಷ ದಾಟಿದ ಮೇಲೆ.

ಈಗ ಕೆಲವೇ ಗಂಟೆಗಳಲ್ಲಿ ಕಾಯಿಲೆಯ ಹೆಸರು ತಿಳಿಯುತ್ತದೆ. ಆದರೆ ವೈರಸ್ಸನ್ನು ಕೊಲ್ಲುವ ಮದ್ದು ಇನ್ನೂ ಇಲ್ಲ. ಇದ್ದ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷವರ್ಷವೂ ಬೂಸ್ಟರ್ ಬೇಕಿತ್ತು. ಒಂದು ದಿನದ ಕೂಲಿ ಬಿಟ್ಟು ಮತ್ತೆ ಮತ್ತೆ ಬರುವವರೆಷ್ಟು ಮಂದಿ? ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಹಾಗಾದರೆ ಬೇಗ ಹೆಸರು ತಿಳಿದು ಏನು ಬಂತು ಎಂದು ಕೇಳಬಹುದು. ರಕ್ತಸ್ರಾವದ ಅಪಾಯವಿರುವವರಿಗೆ ಆಸ್ಪಿರಿನ್ ಕೊಡದೆ ಇರಬಹುದು, ಎರಡನೇ ಸುತ್ತಿನ ಜ್ವರಕ್ಕೆ ಮೊದಲೇ ರೋಗಿಯನ್ನು ಆಸ್ಪತ್ರೆಯಲ್ಲಿಟ್ಟುಕೊಳ್ಳಬಹುದು, ಅದೇ ಕಾಡಿಗೆ ದರಗು ತರಲು ಹೊರಟ ನೆರೆಮನೆಯವರನ್ನು ತಡೆಯಬಹುದು. ಈ ಮೂರನೆಯದೇ ದೊಡ್ಡದು ಎಂದು ನನಗನ್ನಿಸುತ್ತದೆ.

ಮದ್ದಿನ ದಾರಿಯೂ ಕಿಣ್ವದಲ್ಲೇ ಇರಬಹುದು. ತನ್ನ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳಲು ಈ ವೈರಸ್ಸಿಗೂ ತನ್ನದೇ ಪಾಲಿಮರೇಸ್ ಬೇಕು. ಇದೇ ಕುಟುಂಬದ ಹೆಪಟೈಟಿಸ್ ಸಿ ವೈರಸ್ಸಿನ ಪಾಲಿಮರೇಸನ್ನು ತಡೆಯುವ ಸೋಫೋಸ್‌ಬುವಿರ್ ಮಾತ್ರೆಗೆ ಅಮೆರಿಕದಲ್ಲಿ 2013ರಲ್ಲೇ ಅನುಮತಿ ಸಿಕ್ಕಿತು. ಹೆಪಟೈಟಿಸ್ ಸಿ ರೋಗಿಗಳು ಜಗತ್ತಿನಾದ್ಯಂತ ಕೋಟಿಗಟ್ಟಲೆ. ಮಂಗನ ಕಾಯಿಲೆಯವರು ವರ್ಷಕ್ಕೆ ಕೆಲವು ನೂರು, ಅವರಲ್ಲಿ ಹೆಚ್ಚಿನವರು ಸೌದೆ, ದರಗು ಆರಿಸುವವರು, ಅಡಿಕೆ ತೋಟದ ಕೂಲಿಗಳು. ಮದ್ದಿನ ಕಂಪನಿಗಳ ಲೆಕ್ಕದ ಪುಸ್ತಕಕ್ಕೆ ಈ ಸಂಖ್ಯೆ ತೀರಾ ಚಿಕ್ಕದು.

ಸದ್ಯಕ್ಕಿರುವುದು ಡೆಪಾ ಎಣ್ಣೆ. ಚಳಿಗಾಲ ಬರುತ್ತಿದ್ದಂತೆ ಮಲೆನಾಡಿನ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಅದರ ಬಾಟಲಿ ಹಂಚುತ್ತಾರೆ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಉಟ್ಟ ಬಟ್ಟೆ ಒಗೆಯಬೇಕು.