ಆಯಿ ತಿದ್ದಿದ ಸಾಲು

ನಮ್ಮ ಮನೆಯ ಸತ್ಯವೇದದ ಮೊದಲ ಖಾಲಿ ಹಾಳೆಯಲ್ಲಿ ನಾಲ್ಕು ಲಿಪಿಗಳಿವೆ. ಅಕ್ಕ ಹುಟ್ಟಿದ್ದನ್ನು ಅಪ್ಪ ಉರ್ದುವಿನಲ್ಲಿ ಬರೆದಿದ್ದಾರೆ. ವರ್ಷ 1354 ಫಸ್ಲಿ, ಅಂದರೆ 1944–45. ನಿಜಾಮರ ರಾಜ್ಯದಲ್ಲಿ ನಾಲ್ಕಕ್ಷರ ಕಲಿತವರ ಕೈಗೆ ಸಲೀಸಾಗಿ ಬರುತ್ತಿದ್ದ ಬರಹ ಅದು. ನಾನು ಹುಟ್ಟಿದ್ದು 1951ರಲ್ಲಿ. ಅದನ್ನು ಅವ್ವ ಕನ್ನಡದಲ್ಲಿ ಬರೆದಿದ್ದಾಳೆ. ನನ್ನ ಮಕ್ಕಳದ್ದು ನಾನೇ ಬರೆದ ತೆಲುಗು, ಮೊಮ್ಮಗಳದ್ದು ಇಂಗ್ಲಿಷ್. ಹಾಳೆ ತಿರುವಿದರೆ ಮಾತ್ರ ಒಳಗೆಲ್ಲ ಕನ್ನಡ. ಜಹೀರಾಬಾದಿನ ಮಗ್ಗುಲ ಹಳ್ಳಿಯಲ್ಲಿ ನಮ್ಮನ್ನು ದೇವರ ಮುಂದೆ ಬೆಳೆಸಿದ್ದು ಆ ಕನ್ನಡದಲ್ಲೇ.

ಆ ಕನ್ನಡ ಬಹಳ ದೂರದಿಂದ ಬಂದದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷೆ ಕಲಿತರು. ಅವರೂ ವಿಲಿಯಂ ರೀವ್ ಮುಂತಾದ ಜೊತೆಯವರೂ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ನಮ್ಮ ಸೀಮೆಗೆ ಅದನ್ನು ಹೊತ್ತು ತಂದವರು ಅಮೆರಿಕದ ಮೆಥೊಡಿಸ್ಟರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತಾಂಡೂರು, ವಿಕಾರಾಬಾದ್ ಹಾದು ರೈಲು ಓಡತೊಡಗಿತು. ಮುಂದೆ ವಿಕಾರಾಬಾದ್ ಮತ್ತು ಬೀದರಿನಲ್ಲಿ ಮಿಷನ್ನಿನ ಶಾಲೆ, ಆಸ್ಪತ್ರೆಗಳು ನಿಂತವು. ಊರ ಹೊರಗಿನ ಕೇರಿಗಳಲ್ಲಿ ಜನ ಒಬ್ಬೊಬ್ಬರಾಗಿ ಅಲ್ಲ, ಮನೆಮನೆಯಾಗಿ ದೀಕ್ಷಾಸ್ನಾನ ತೆಗೆದುಕೊಂಡರು. ನಮ್ಮ ಮುತ್ಯಾ, ಆಯಿ, ಅಂದರೆ ಅಜ್ಜ, ಅಜ್ಜಿ, ಹಾಗೆ ಸೇರಿದವರು.

ಆದರೆ ಮನೆಯೊಳಗೆ ವಿಶ್ವಾಸ ಬೇರುಬಿಟ್ಟದ್ದು ಮಿಷನ್ನಿನ ದೊರೆಗಳಿಂದಲ್ಲ. ಹಳ್ಳಿ ಹಳ್ಳಿ ತಿರುಗುತ್ತಿದ್ದ ಬೈಬಲ್ ಬಾಯಿಯವರಿಂದ. ನಮ್ಮ ಹಾಗೇ ಸೀರೆ ಉಟ್ಟು, ನಮ್ಮ ಹಾಗೇ ರೊಟ್ಟಿ ತಟ್ಟುವ ಹೆಂಗಸರು ಅವರು. ಹೊಲದಲ್ಲಿ ಕಳೆ ಕೀಳುವವರ ಸಾಲಿಗೆ ತಾವೂ ಇಳಿದು ಪ್ರಶ್ನೆ ಕೇಳುವರು, ಉತ್ತರ ಹೇಳಿಕೊಡುವರು. ಲೋಕವನ್ನು ಉಂಟುಮಾಡಿದವರು ಯಾರು? ಯಾಕೆ? ಕಳೆ ಕಿತ್ತು ಬದು ಮುಟ್ಟುವಷ್ಟರಲ್ಲಿ ಒಂದು ಉತ್ತರ ಬಾಯಿಗೆ ಬರಬೇಕು. ಅಕ್ಷರ ತಿಳಿಯದ ಆಯಿ ದೇವರ ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ಎಷ್ಟೋ ಕೀರ್ತನೆಗಳನ್ನು ಹೀಗೆ ಕಲಿತಳು. ನಸುಕಿನಲ್ಲಿ ಬೀಸುಕಲ್ಲು ತಿರುಗಿಸುತ್ತಾ ಅದನ್ನೇ ಹೇಳಿಕೊಳ್ಳುವಳು. ನಾನು ಕೀರ್ತನೆಗಳನ್ನು ಕೇಳಿದ್ದು ಮೊದಲು ಜೋಳ ಬೀಸುವ ಸದ್ದಿನೊಂದಿಗೆ. ಈಗಲೂ ಇಪ್ಪತ್ತಮೂರನೆಯ ಕೀರ್ತನೆ ಹೇಳುವಾಗ ನನ್ನ ಉಸಿರು ಆ ಕಲ್ಲಿನ ಸುತ್ತಿಗೇ ಹೊಂದಿಕೊಳ್ಳುತ್ತದೆ.

ರಾತ್ರಿ ಊಟಕ್ಕೆ ಮುಂಚೆ ಕಂದೀಲಿನ ಸುತ್ತ ಎಲ್ಲರೂ ಕೂಡಬೇಕು. ಓದುವ ಪಾಳಿ ಮಕ್ಕಳದು. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿರುವಳು. ನಿದ್ದೆ ಬಂತೇನೋ ಎಂದುಕೊಂಡು ನಾನು ಒಂದು ಪದ ಹಾರಿಸಿದರೆ ಸಾಕು, “ಒಂದು ಮಾತು ನುಂಗಿದಿ ನೋಡವ್ವ, ಹಿಂದಕ ಹೋಗು” ಅನ್ನುವಳು. ಓದಲು ಬಾರದವಳು ಓದುವವಳನ್ನು ತಿದ್ದುತ್ತಿದ್ದಳು. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುವಾಗ ಮಕ್ಕಳೂ ತಮ್ಮ ಬಾಯಿಂದಲೇ ಏನಾದರೂ ಬೇಡಬೇಕು. ಎಮ್ಮೆಗೆ ಹುಷಾರಿಲ್ಲ ಅನ್ನುವುದೂ ಆಗಬಹುದು.

ಬಿತ್ತುವವನ ಸಾಮ್ಯ ಓದಿದ ದಿನ ನನಗೆ ಅನುಮಾನ ಹುಟ್ಟಿತು. ನಮ್ಮಲ್ಲಿ ಜೋಳ ಬಿತ್ತುವುದು ಕೂರಿಗೆಯಿಂದ. ಬೀಜ ಸಾಲು ಹಿಡಿದು ಮಣ್ಣೊಳಗೆ ಇಳಿಯುತ್ತದೆ. ಅದು ದಾರಿಗೆ, ಬಂಡೆಗೆ, ಮುಳ್ಳಿಗೆ ಹೇಗೆ ಬಿದ್ದೀತು? ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಆಯಿ ಅಂದಳು: “ಕೊತ್ತಂಬರಿ ಹೆಂಗ ಚೆಲ್ತೀವಿ? ಅವರ ಸೀಮ್ಯಾಗ ಗೋಧಿನೂ ಹಂಗೇ ಚೆಲ್ತಿರಬೇಕು.” ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: ಯೇಸು ಸ್ವಾಮಿಯ ನಾಡಿನಲ್ಲಿ ಕೈಯಿಂದಲೇ ಚೆಲ್ಲಿ ಬಿತ್ತುತ್ತಿದ್ದರು. ವೇದವನ್ನು ತನ್ನ ಹೊಲದಲ್ಲಿ ನಿಂತು ನೋಡಿದವಳಿಗೆ ಅದು ಓದದೆಯೇ ತಿಳಿದಿತ್ತು.

ರೊಟ್ಟಿಯ ಹಿಟ್ಟಿಗೆಂದು ಜೋಳ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವ ಕೆಲಸ ನಮ್ಮದು, ಅಂದರೆ ಮಕ್ಕಳದು. ಭಾನುವಾರ ಅದು ಗುಡಿಗೆ. ಬರಗಾಲದ ವರ್ಷ ನನ್ನ ತಮ್ಮ ಮುಷ್ಟಿ ಸಣ್ಣದು ಮಾಡಿ ಹಾಕಿದ. ಆಯಿ ಗದರಲಿಲ್ಲ, ತನ್ನ ದೊಡ್ಡ ಕೈಯಿಂದ ಅವನ ಕೈ ಬಿಡಿಸಿ, ತುಂಬಿ, ಮತ್ತೆ ಮುಚ್ಚಿದಳು. ಕೊಡುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನನ್ನ ಮೂವತ್ತು ವರ್ಷಗಳ ಮಾಸ್ತರಿಕೆಯಲ್ಲಿ ನಾನು ಕಾಣಲಿಲ್ಲ.

1956ರ ನವೆಂಬರ್ 1ರಂದು ಗೆರೆ ಎಳೆದರು. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನ್ಯಾಲ್ಕಲ್ ಸರ್ಕಲ್, ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು, ಗುಲ್ಬರ್ಗದ ತಾಂಡೂರು ಎಲ್ಲವೂ ಆಂಧ್ರಪ್ರದೇಶಕ್ಕೆ ಹೋದವು. ಅವ್ವನ ತವರು ನಿರ್ಣಾ ಕಡೆ. ತವರು ಮೈಸೂರು ರಾಜ್ಯದಲ್ಲಿ ಉಳಿಯಿತು, ಗಂಡನ ಮನೆ ಆಂಧ್ರಕ್ಕೆ ಬಂತು. ನಾನು ತೆಲುಗು ಶಾಲೆಗೆ ಸೇರಿದೆ. ನಮ್ಮ ಸಭೆಯ ಆರಾಧನೆಯೂ ವರ್ಷ ಕಳೆದಂತೆ ತೆಲುಗಾಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಮಕ್ಕಳು ಓದುವ ಭಾಷೆಯಲ್ಲೇ ಬೋಧಿಸಬೇಕಲ್ಲ. ನಾರಾಯಣಖೇಡಕ್ಕೆ ಕೊಟ್ಟ ಅಕ್ಕನ ಮನೆಯಲ್ಲಿ, ತಾಂಡೂರಿಗೆ ಹೋದ ತಂಗಿಯ ಮನೆಯಲ್ಲಿ ಕೂಡ ಇದೇ ಕತೆ. ನನಗೆ ಕನ್ನಡ ಅಕ್ಷರ ಕಲಿಸಿದ್ದು ಯಾವ ಶಾಲೆಯೂ ಅಲ್ಲ. ಅವ್ವ ಕಂದೀಲಿನ ಬೆಳಕಿನಲ್ಲಿ ಬೆರಳಿಟ್ಟು ತೋರಿಸಿದ ಮತ್ತಾಯನ ಸುವಾರ್ತೆ.

ಮೂರು ಮನೆಯವರೂ ಕೂಡುತ್ತಿದ್ದದ್ದು ಧಾರೂರು ಜಾತ್ರೆಯಲ್ಲಿ. ವಿಕಾರಾಬಾದ್–ತಾಂಡೂರು ನಡುವಿನ ಅಡವಿಯಲ್ಲಿ 1923ರಿಂದ ಮೆಥೊಡಿಸ್ಟರು ನಡೆಸುತ್ತಾ ಬಂದ ಕೂಟ ಅದು. ನವೆಂಬರಿನಲ್ಲಿ, ಹಲವು ದಿನ. ಅದನ್ನು ಜಾತ್ರೆ ಎಂದೇ ಕರೆದರಲ್ಲ, ಆ ಹೆಸರು ನನಗೆ ಬಹಳ ಪ್ರೀತಿ. ಬಂಡಿ ಕಟ್ಟಿ, ರೊಟ್ಟಿಯ ಗಂಟು ಹೊತ್ತು, ಮರದ ಕೆಳಗೆ ಬಿಡಾರ ಹೂಡಿ ದೇವರ ಬಳಿ ಹೋಗುವುದು ನಮ್ಮ ಜನಕ್ಕೆ ಮೊದಲೇ ಗೊತ್ತಿತ್ತು. ಅಲ್ಲಿ ಬೋಧನೆ ನಡೆದಷ್ಟು ಹೊತ್ತು ನಾವು ನಿದ್ದೆ ಮಾಡಿದ್ದೂ ಉಂಟು. ರಾತ್ರಿ ಒಲೆಗಳ ಸುತ್ತ ಒಂದು ಕಡೆ ತೆಲುಗು ಹಾಡು, ಇನ್ನೊಂದು ಕಡೆ ಕನ್ನಡ ಹಾಡು ಏಳುವಾಗ ಮಾತ್ರ ಯಾವ ಮಗುವೂ ಮಲಗುತ್ತಿರಲಿಲ್ಲ.

ನನ್ನ ಮಕ್ಕಳಿಗೆ ನಾನು ಕನ್ನಡ ಅಕ್ಷರ ಕಲಿಸಲಿಲ್ಲ. ವರ್ಗಾವಣೆ, ಪರೀಕ್ಷೆ, ಬಸ್ಸು. ನೆಪ ಎಷ್ಟಾದರೂ ಇದ್ದವು. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆದರೆ ಮಲಗುವ ಮುಂಚಿನ ಪ್ರಾರ್ಥನೆ ಒಂದನ್ನು ಯಾವ ಊರಲ್ಲೂ ಬಿಡಲಿಲ್ಲ, ಅದನ್ನು ತೆಲುಗಿಗೆ ತಿರುಗಿಸಲೂ ಇಲ್ಲ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ವಾರ ಕಳೆದ ಮೇಲೆ ಒಂದು ಸಂಜೆ ಅದೇ ಹಳೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಮಗ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ. ಕನ್ನಡದ ಒಂದಕ್ಷರವೂ ಓದಲು ಬಾರದ ಮಗ. ಬಗ್ಗಿದವನು ಹಾಗೇ ನಿಂತು ಹೇಳಿದ: “ಅವ್ವಾ, ನಡುವ ಒಂದು ಸಾಲು ಬಿಟ್ಟಿ.”