ಬಾಲವೇಷದ ಮುಂದಿನ ಮೆಟ್ಟಿಲು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಬಾಲನಟನು ಚಲಚ್ಚಿತ್ರದೊಡನೆ ಹುಟ್ಟಿದವನಲ್ಲ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಕ್ಷೇತ್ರಗಳ ಬಡಗುತಿಟ್ಟಿನ ಮೇಳಗಳಿಗೆ ಸೇರಿದ ಹುಡುಗನು ಮೊದಲು ಕೋಡಂಗಿಯಾಗಿ ಕುಣಿಯುತ್ತಿದ್ದನು. ಬಳಿಕ ಬಲರಾಮ-ಕೃಷ್ಣರ ಬಾಲಗೋಪಾಲ ವೇಷವನ್ನು ತೊಡುತ್ತಿದ್ದನು. ತರುವಾಯ ಪೀಠಿಕೆಯ ಸ್ತ್ರೀವೇಷಕ್ಕೂ ಪ್ರಸಂಗದೊಳಗಣ ಪಾತ್ರಗಳಿಗೂ ಏರುತ್ತಿದ್ದನು. ಭಾಗವತರ ಪದವನ್ನೂ ಹಿರಿಯರ ಅರ್ಥವನ್ನೂ ರಾತ್ರಿಯಿಡೀ ಕೇಳಿಯೇ ಅವನ ವಿದ್ಯೆಯು ಬೆಳೆಯುತ್ತಿತ್ತು. ಮೀಸೆ ಮೂಡಿದೊಡನೆ ಅವನ ಕಲಾಜೀವನವು ಮುಗಿಯುತ್ತಿರಲಿಲ್ಲ. ಇನ್ನೊಂದು ವೇಷವು ಚೌಕಿಯಲ್ಲಿ ಅವನಿಗಾಗಿ ಕಾದಿರುತ್ತಿತ್ತು. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಅಲ್ಪವಾಗಿರಲಿಲ್ಲ. ಇರುಳೆಲ್ಲ ಆಟ, ಹಗಲಿನಲ್ಲಿ ನಿದ್ರೆ, ಮುಂದಿನ ಊರಿಗೆ ನಡಿಗೆ. ಹೀಗಾಗಿ ಅನೇಕ ಕಲಾವಿದರ ಓದು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತುಹೋಯಿತು.

ಚಲಚ್ಚಿತ್ರ, ದೂರದರ್ಶನಗಳ ಬಾಲನಟನಿಗಾದರೋ ಇಂತಹ ಸೋಪಾನವೇ ಇಲ್ಲ. 1980ರ ದಶಕದಲ್ಲಿ ಶಂಕರನಾಗರು ಇಲ್ಲಿಗೆ ಸಮೀಪದ, ಘಟ್ಟದ ಮೇಲಣ ಆಗುಂಬೆಯಲ್ಲಿ ಆರ್. ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯಾಗಿ ಚಿತ್ರಿಸಿದರು. ಅದರಲ್ಲಿ ಸ್ವಾಮಿಯಾದ ಮಾಸ್ಟರ್ ಮಂಜುನಾಥರನ್ನು ದೇಶವೇ ತನ್ನ ಮನೆಯ ಹುಡುಗನೆಂದು ಬಗೆಯಿತು. ಪ್ರಾಯಕ್ಕೆ ಬಂದ ಮೇಲೆ ಅವರು ನಟನೆಯನ್ನು ಬಿಟ್ಟು ವಿದ್ಯಾಭ್ಯಾಸವನ್ನೂ ಅನ್ಯ ಉದ್ಯೋಗವನ್ನೂ ಆರಿಸಿಕೊಂಡರು. ಪುನೀತ್ ರಾಜಕುಮಾರರು 1985ರ ‘ಬೆಟ್ಟದ ಹೂವು’ ಚಿತ್ರಕ್ಕಾಗಿ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ನಾಯಕನಟರಾಗಿ ಬಂದುದು 2002ರ ‘ಅಪ್ಪು’ವಿನಲ್ಲಿ. ಮನೆಯೇ ಚಿತ್ರರಂಗವಾಗಿದ್ದವರಿಗೂ ನಡುವೆ 17 ವರ್ಷಗಳ ಅಂತರವಾಯಿತೆಂದ ಮೇಲೆ, ಯಾವ ಆಸರೆಯೂ ಇಲ್ಲದ ಮಕ್ಕಳ ಪಾಡೇನು?

ಈ ಎರಡರ ನಡುವಣ ದಾರಿಯೊಂದನ್ನು ಈ ಸೀಮೆಯು ಹಿಂದೆಯೇ ಕಂಡುಕೊಂಡಿತ್ತು. ಐಗಳ ಮಠದಲ್ಲಿ ಓದುವ ಹುಡುಗರು ನವರಾತ್ರಿಯಲ್ಲಿ ಹೂವಿನ ಕೋಲು ಹಿಡಿದು, ಮನೆಮನೆಗೆ ಹೋಗಿ ಅರ್ಥ ಹೇಳುತ್ತಿದ್ದರು. ಹಬ್ಬವು ಮುಗಿದರೆ ಮರಳಿ ಪಾಠ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಲ್ಲಿಯೂ ಶಾಲೆಗೆ ಹೋಗುವ ಮಕ್ಕಳೇ ವೇಷಧಾರಿಗಳು. ಅವರಿಗೆ ಆಟವು ಓದಿನ ಸಂಗಡಿಯಾಯಿತಲ್ಲದೆ ಹೊಟ್ಟೆಪಾಡಾಗಲಿಲ್ಲ.

ಇದೇ ವಿವೇಕವು ಕಾನೂನಿಗೆ ಇಳಿದುದು ಬಹುಕಾಲದ ಮೇಲೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ಶಾಲೆಗೆ ಅಡ್ಡಿಯಾಗದಿದ್ದರೆ ಮಾತ್ರವೇ ಮಕ್ಕಳ ನಟನೆಗೆ ಸಮ್ಮತಿಸಿತು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ, ಸಂಪಾದನೆಯಲ್ಲಿ ಶೇಕಡಾ 20ಕ್ಕೆ ಕಡಿಮೆಯಿಲ್ಲದ ಹಣವನ್ನು ಮಗುವಿನ ಹೆಸರಿನಲ್ಲಿಯೇ ಠೇವಣಿ ಇಡಬೇಕೆಂದೂ 2017ರ ನಿಯಮಗಳು ವಿಧಿಸಿದವು.

ಆದರೂ ಮಗುವಿನ ಕಾವಲು ಕಾನೂನಿಗಿಂತ ಮೊದಲು ಮನೆಯವರದು. ಸಂಜೆ ಮಗುವಿಗೆ ಬಣ್ಣ ಹಚ್ಚಿಸುವ ತಾಯ್ತಂದೆಗಳು, ಬೆಳಗಾದ ಮೇಲೆ ಅದು ನಡೆಯಬೇಕಾದ ಶಾಲೆಯ ದಾರಿಯನ್ನು ಮರೆಯದಿರುವುದು ಲೇಸು.