ಮುದ್ದೆಯೊಳಗಿನ ಸುಣ್ಣ

ಕೋಲಾರ, ಮಾಲೂರಿನ ಕಡೆ ಅದು ಮುದ್ದೆ. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮಾತಿನ ಮನೆಗಳಲ್ಲಿ ಸಂಗಟಿ. ಹೆಸರು ಯಾವುದಾದರೂ ತಟ್ಟೆಯಲ್ಲಿರುವುದು ರಾಗಿ, ಪಕ್ಕದಲ್ಲಿ ಬಸ್ಸಾರು ಇಲ್ಲವೇ ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪಿನ ಸಾರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂಗೂ ಕಡಿಮೆ. ಪೌಷ್ಟಿಕವೆಂದು ದುಬಾರಿ ಬೆಲೆ ತೆತ್ತು ತರುವ ಹೇಜಲ್‌ನಟ್‌ನಲ್ಲೂ 114ರ ಆಸುಪಾಸು. ಆದರೆ ಕಾಳಿನಲ್ಲಿ ಇರುವುದೆಲ್ಲ ಮೈಗೆ ಹತ್ತುತ್ತದೆಯೇ? ಈ ಪ್ರಶ್ನೆಯ ಬೆನ್ನು ಹತ್ತಿದ್ದೇ ರಾಗಿ ಸಂಶೋಧನೆಯ ಕತೆ.

ಮೊದಲ ಹಂತದಲ್ಲಿ ಎಲ್ಲರ ಕಣ್ಣು ಇಳುವರಿಯ ಮೇಲಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರ ಕಾಲದಲ್ಲಿ ಹೆಬ್ಬಾಳದ ಹೊಲಗಳಲ್ಲಿ ರಾಗಿ ತಳಿಗಳ ಆಯ್ಕೆ ಶುರುವಾಯಿತು. ಎರಡನೆಯ ಹಂತವಾದ ಪೋಷಕಾಂಶದ ಲೆಕ್ಕ ಬಂದದ್ದು ಬೇರೆ ದಾರಿಯಿಂದ. ಕೂನೂರಿನ ಪೋಷಣಾ ಪ್ರಯೋಗಾಲಯದ ವ್ಯಾಲೇಸ್ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕಾಂಶದ ಕೈಪಿಡಿ ಹೊರತಂದರು. 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರ ಕೋಷ್ಟಕ ಬಂದ ಮೇಲೆ ರಾಗಿಗೆ 344 ಮಿಲಿಗ್ರಾಂ ಎಂಬ ಅಂಕಿ ಪಠ್ಯಪುಸ್ತಕಗಳಲ್ಲಿ ನೆಲೆಯಾಯಿತು.

ಈ ನಡುವೆ, 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ವಿಷಯವನ್ನು ಪಟ್ಟಿಯಿಂದ ತಟ್ಟೆಗೆ ತಂದಿತ್ತು. ವಿ. ಸುಬ್ರಹ್ಮಣ್ಯನ್, ಎಂ. ಸ್ವಾಮಿನಾಥನ್ ಅವರಿದ್ದ ತಂಡ ಅರೆಹೊಟ್ಟೆಯ ಮಕ್ಕಳ ಊಟದಲ್ಲಿ ಅಕ್ಕಿಯ ಬದಲು ರಾಗಿ ಬಡಿಸಿ, ದೇಹದಲ್ಲಿ ಉಳಿದ ಕ್ಯಾಲ್ಸಿಯಂ ಅಳೆದು 1959ರಲ್ಲಿ ಪ್ರಕಟಿಸಿತು. ರಾಗಿ ತಿಂದ ಮಕ್ಕಳಲ್ಲಿ ಅದು ಹೆಚ್ಚು ಉಳಿದಿತ್ತು. ಅದೇ ಸುಮಾರಿಗೆ ಇನ್ನೊಂದು ಸಂಗತಿಯೂ ತಿಳಿಯಿತು: ಕಾಳಿನ ಕ್ಯಾಲ್ಸಿಯಂನಲ್ಲಿ ಹೆಚ್ಚುಕಡಿಮೆ ಅರ್ಧ ಇರುವುದು ಸಿಪ್ಪೆಯಲ್ಲಿ. ಮುದ್ದೆ ನಯವಾಗಲೆಂದು ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ಹೊಟ್ಟನ್ನು ದನಕ್ಕೆ ಹಾಕಿದರೆ, ಸುಣ್ಣದ ದೊಡ್ಡ ಪಾಲು ಕೊಟ್ಟಿಗೆ ಸೇರಿದಂತೆಯೇ.

ಮುಂದಿನ ದಶಕಗಳು ಮತ್ತೆ ಇಳುವರಿಯವು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು; ಜನ ಅವರನ್ನು ರಾಗಿ ಬ್ರಹ್ಮ ಎಂದರು. ಇಳುವರಿ ಏರಿತು, ಆದರೆ ಕೋಲಾರದಲ್ಲಿ ಹೊಲವೇ ಕೈಬಿಡುತ್ತಿತ್ತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಹಬ್ಬಿ ರಾಗಿ ಭೂಮಿಯನ್ನು ನುಂಗುತ್ತಿರುವುದನ್ನು ವಂದನಾ ಶಿವ ಮತ್ತಿತರರು 1981ರ ಅಧ್ಯಯನದಲ್ಲೇ ಬರೆದಿದ್ದರು. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದಕ್ಕೆ ತಡೆ ಬಿದ್ದದ್ದು 2017ರಲ್ಲಿ.

ಮೂರನೆಯ ಹಂತ ಹೀರಿಕೆಯದು. ಕಾಳಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಕ್ಯಾಲ್ಸಿಯಂ, ಕಬ್ಬಿಣ, ಸತುಗಳನ್ನು ಬಿಗಿಯಾಗಿ ಹಿಡಿದು ಕರುಳಿಗೆ ಬಿಟ್ಟುಕೊಡುವುದಿಲ್ಲ. ಸಿಪ್ಪೆ ತೆಗೆದರೆ ಟ್ಯಾನಿನ್ ಹೋಗುತ್ತದೆ, ಜೊತೆಗೆ ಸುಣ್ಣವೂ ಹೋಗುತ್ತದೆ. ಈ ಇಕ್ಕಟ್ಟಿಗೆ ದಾರಿ ಸಿಕ್ಕಿದ್ದು ಮೊಳಕೆಯಲ್ಲಿ. ಕಾಳು ಮೊಳೆತಾಗ ಫೈಟೇಟನ್ನು ಒಡೆಯುವ ಕಿಣ್ವ ಚುರುಕಾಗುತ್ತದೆ. ಮೈಸೂರಿನ ಅದೇ ಸಂಸ್ಥೆಯಲ್ಲಿ ಎನ್.ಜಿ. ಮಲ್ಲೇಶಿ ರಾಗಿ ಮಾಲ್ಟಿನ ಮೇಲೆ, ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಖನಿಜಗಳು ಎಷ್ಟು ದಕ್ಕುತ್ತವೆ ಎಂಬುದರ ಮೇಲೆ ಕೆಲಸ ಮಾಡಿದರು. ಅವರು ಪ್ರಯೋಗಾಲಯದಲ್ಲಿ ಅಳೆದದ್ದನ್ನು ಬಾಣಂತಿ ಮನೆಯ ಅಜ್ಜಿಯರು ಕೈಯಲ್ಲಿ ಮಾಡಿಕೊಂಡೇ ಬಂದಿದ್ದರು. ರಾಗಿ ತೊಳೆದು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು ಬೀಸಿದರೆ ಮಗುವಿನ ಸರಿ ಹಿಟ್ಟು ಸಿದ್ಧ. ಆದರೆ ಕೊನೆಗೆ ತೆಳುಬಟ್ಟೆಯಲ್ಲಿ ಸೋಸುವಾಗ ಒಂದಿಷ್ಟು ಸುಣ್ಣ ಬಟ್ಟೆಯ ಮೇಲೇ ಉಳಿಯುತ್ತದೆ. ಎಳೆಗರುಳಿಗೆ ಹಗುರವಾಗಲೆಂದು ತೆರುವ ಬೆಲೆ ಅದು.

ಕೋಲಾರ ಜಿಲ್ಲೆಗೆ ಈ ಲೆಕ್ಕ ಬರೀ ಪುಸ್ತಕದ್ದಲ್ಲ. ಇಲ್ಲಿಯ ಎಷ್ಟೋ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದವರಿಗೆ ಫ್ಲೋರೈಡಿನ ಪೆಟ್ಟು ಇನ್ನೂ ಜೋರು. ಮುದ್ದೆ ಕೆಟ್ಟ ನೀರಿಗೆ ಮದ್ದಲ್ಲ; ಶುದ್ಧ ನೀರು ಬೇಕೇ ಬೇಕು. ಆದರೆ ಅನ್ನಕ್ಕೆ ವಾಲಿದ ತಟ್ಟೆ ಮೂಳೆಯ ಕೈಬಿಡುತ್ತದೆ. ವಯಸ್ಕರಿಗೆ ದಿನಕ್ಕೆ 600 ಮಿಲಿಗ್ರಾಂ ಸಾಕು ಎನ್ನುತ್ತಿದ್ದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಅದನ್ನು 1000ಕ್ಕೆ ಏರಿಸಿದೆ.

ಈಗ ಕತೆ ವಂಶವಾಹಿಗೆ ಬಂದಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿಟ್ಟಲಮನಿ ನೇತೃತ್ವದ ತಂಡ 2017ರಲ್ಲಿ ಎಂಎಲ್-365 ರಾಗಿಯ ಜೀನೋಮ್ ಪ್ರಕಟಿಸಿತು. ಅದಕ್ಕೂ ಮೊದಲೇ, 1998ರ ಒಂದು ಅಧ್ಯಯನ 36 ತಳಿಗಳನ್ನು ಅಳೆದಾಗ ಕ್ಯಾಲ್ಸಿಯಂ 162ರಿಂದ 487 ಮಿಲಿಗ್ರಾಂವರೆಗೆ ಹರಡಿಕೊಂಡಿತ್ತು. ಎಂದರೆ ರಾಗಿ ರಾಗಿಗೂ ಮೂರು ಪಟ್ಟು ಅಂತರ. ಸುಣ್ಣ ಹೆಚ್ಚಿರುವ ತಳಿಯನ್ನೇ ಆರಿಸಿ ಬೆಳೆಯಲು ಬೇಕಾದ ತಿಳಿವು ಕೈಯಲ್ಲಿದೆ. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ರೈತ ಮೂಟೆ ಇಳಿಸಿದಾಗ ನೋಡುವುದು ತೇವ, ಕಸಕಡ್ಡಿ, ತೂಕ. 162ರ ಕಾಳಿಗೂ 487ರ ಕಾಳಿಗೂ ಅಲ್ಲಿ ಒಂದೇ ದರ.